ಗುಡ್ಡಕ್ಕೆ ಎಣ್ಣೆ ಹೊಡೆಸಿ ಎನ್ನಬೇಡಿ

ಹುಳು ಬಿದ್ದ ವರ್ಷ ಮುಂಗಾರಿನಲ್ಲಿ ಸಾಗವಾನಿ ನೆಡುತೋಪಿನೊಳಗೆ ನಿಂತರೆ, ಮಳೆ ಇಲ್ಲದಿದ್ದರೂ ತರಗೆಲೆಯ ಮೇಲೆ ಸಣ್ಣಗೆ ಏನೋ ಉದುರುವ ಸದ್ದು ಕೇಳುತ್ತದೆ. ಅದು ಹುಳುವಿನ ಹಿಕ್ಕೆ. ಎರಡು ವಾರದಲ್ಲಿ ಎಳೆ ಎಲೆಯನ್ನೆಲ್ಲ ತಿಂದು, ದಪ್ಪ ನರಗಳನ್ನಷ್ಟೇ ಉಳಿಸಿ, ನೂಲು ಬಿಟ್ಟುಕೊಂಡು ನೆಲಕ್ಕಿಳಿಯುತ್ತದೆ.

ಹಿರೇಕೆರೂರು, ಹಾನಗಲ್ ಸೀಮೆಯ ಬಂಧುಗಳೇ, ಕಣ್ಣೆದುರಿನ ಗುಡ್ಡ ಬೋಳಾದಾಗ 'ಇಲಾಖೆಯವರು ಎಣ್ಣೆ ಹೊಡೆಸಬಾರದೇ' ಎಂದು ನಮಗೆ ಅನಿಸುವುದು ಸಹಜ. 2018ರಲ್ಲಿ ಗೋವಿನಜೋಳಕ್ಕೆ ಲದ್ದಿಹುಳು ಬಂದಂದಿನಿಂದ ಪಂಪು ಹೆಗಲಿಗೇರಿಸುವುದೇ ರೂಢಿಯಾಗಿದೆ. ಹೊಲ ನಿಮ್ಮದು, ಲೆಕ್ಕ ನಿಮ್ಮದು. ಗುಡ್ಡ ಹಾಗಲ್ಲ. ಅಲ್ಲಿ ದನ ಮೇಯುತ್ತವೆ, ಅಲ್ಲಿಯ ನೀರು ನಮ್ಮ ಕೆರೆಗಿಳಿಯುತ್ತದೆ.

ಸರ್ಕಾರಿ ನೆಲದ ಹುಳುವಿಗೆ ವಿಷ ಸುರಿದ ಕಥೆ ಕನ್ನಡಿಗರಿಗೆ ಗೊತ್ತಿಲ್ಲದ್ದೇನಲ್ಲ. ಕಾಸರಗೋಡಿನ ಪಡ್ರೆ, ಎಣ್ಮಕಜೆಯ ಮೇಲೆ, ಇತ್ತ ಕೊಕ್ಕಡದ ಮೇಲೆ, ಗೇರುಮರದ ಟೀ ಸೊಳ್ಳೆ ಕೊಲ್ಲಲೆಂದು ಸರ್ಕಾರಿ ನಿಗಮಗಳ ಹೆಲಿಕಾಪ್ಟರುಗಳು ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದವು. ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ತಾಯಂದಿರು ಇಂದಿಗೂ ಎತ್ತಿಕೊಂಡೇ ಓಡಾಡುತ್ತಿದ್ದಾರೆ. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಟೀ ಸೊಳ್ಳೆಯೋ, ಸತ್ತಿಲ್ಲ. ಈಗ ಬೇವಿನ ಕುಡಿಗಳನ್ನೂ ಒಣಗಿಸುತ್ತಿದೆ.

ಹುಳುವಿನಿಂದ ನಷ್ಟವೇ ಇಲ್ಲ ಎನ್ನುತ್ತಿಲ್ಲ. ನಿಲಂಬೂರಿನ ಎಳೆಯ ಸಾಗವಾನಿಯಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಅಳೆದಾಗ, ಆಗಬೇಕಿದ್ದ ಬೆಳವಣಿಗೆಯಲ್ಲಿ ಶೇ. 44ರಷ್ಟು ಖೋತಾ ಆಗಿತ್ತು. ಆದರೆ ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆ ಹುಳುವಿಗಷ್ಟೇ ರೋಗ ತರುವ ವೈರಸ್ಸೊಂದನ್ನು ಸಿಂಪಡಣೆಗೆ ಸಿದ್ಧಪಡಿಸಿದವರೂ ಅದೇ ಸಂಸ್ಥೆಯವರು. ತೋಪು ಉಳಿಸಲೇಬೇಕೆಂದರೆ ಇಲಾಖೆಯನ್ನು ಅದಕ್ಕಾಗಿ ಕೇಳಿ.

ಇನ್ನು ನಮ್ಮ ಪಾಲಿನದು. ಬೇಸಿಗೆಯಲ್ಲಿ ಹೊಸ ಹುಲ್ಲು ಬರಲೆಂದು ಗುಡ್ಡಕ್ಕೆ ಕಡ್ಡಿ ಗೀರುವವರು ಯಾರೆಂದು ಊರಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ. ಹುಳುವನ್ನು ಹಿಡಿದು ತಿನ್ನುವ ಇರುವೆ, ಜೇಡ, ಹುಳುವಿನೊಳಗೇ ಮೊಟ್ಟೆಯಿಡುವ ಕಣಜ, ಇವುಗಳ ಮನೆ ಆ ತರಗೆಲೆ, ಆ ಪೊದೆ. ಬೆಂಕಿಗೆ ಹುಳುವೂ ಸಾಯುತ್ತದಲ್ಲ ಎನ್ನಬೇಡಿ. ಅದರ ಪತಂಗ ದೂರದಿಂದ ಗುಂಪಾಗಿ ಹಾರಿಬರುತ್ತದೆ. ಸುಟ್ಟ ಗುಡ್ಡದಲ್ಲಿ ಅದನ್ನು ತಡೆಯುವವರು ಯಾರೂ ಉಳಿದಿರುವುದಿಲ್ಲ. ಒಣಮರವನ್ನು ಸೌದೆಗೆ ಕಡಿದೊಯ್ದರೆ ಮರಕುಟಿಗಕ್ಕೂ ಮನೆಯಿಲ್ಲ.

ಒಂದೇ ಜಾತಿಯ ಮರವನ್ನು ಹೆಕ್ಟೇರುಗಟ್ಟಲೆ ನೆಡುವುದು ಹುಳುವಿಗೆ ಬಡಿಸಿಟ್ಟ ಹಾಗೆಯೇ. ಮತ್ತಿ, ಹೊನ್ನೆ, ದಿಂಡಿಲು, ನೆಲ್ಲಿ ಬೆರೆಸಿ ನೆಡಿ ಎಂದು ಕೇಳಲು ನಮಗೆ ಗ್ರಾಮ ಅರಣ್ಯ ಸಮಿತಿಯಿದೆ, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದೆ. ಸಭೆಯ ಹಾಳೆಗೆ ಸಹಿ ಹಾಕಿ ಎದ್ದು ಬರಬೇಡಿ. ಈ ಸಲದ ಸಸಿಗಳು ನರ್ಸರಿಯ ಚೀಲಗಳಲ್ಲಿ ಆಗಲೇ ಬೆಳೆಯುತ್ತಿರುತ್ತವೆ. ಗಾಡಿ ಗುಡ್ಡಕ್ಕೆ ಬರುವ ಮೊದಲೇ ಹೋಗಿ, ಯಾವ ಸಸಿ, ಎಷ್ಟು ಎಂದು ವಲಯ ಅರಣ್ಯಾಧಿಕಾರಿಯನ್ನು ಕೇಳಿ.