ಹೋಮರನ ವೀರರೂ ಏಳುಮಲೆಯ ಮಾದಪ್ಪನೂ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ವಚನ ವಾಙ್ಮಯವನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದೇ ನಾನು ಎಣಿಸಿದ್ದೆ. ಆದರೆ ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಆ ಸಂಕಲ್ಪವನ್ನು ಬದಲಿಸಿತು. ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕದ ಪ್ರಸ್ತಾಪ ಬಂದಿತ್ತು. ೧೯೨೯ರಲ್ಲಿ ಬಂದ ಆ ಕೃತಿಗೆ ಗ್ರೀಕ್ ನಾಟಕಕಾರ ಸಾಫೊಕ್ಲೀಸನ ‘ಅಜಾಕ್ಸ್’ ಮೂಲವೆಂದು ತಿಳಿಸುತ್ತ, ಟ್ರಾಯ್ ಯುದ್ಧದ ಕಥೆಯನ್ನು ಸಂಗ್ರಹವಾಗಿ ಹೇಳಿದೆ. ಹೀರಾ ಮತ್ತು ಅಥೀನಾ ದೇವಿಯರು ಗ್ರೀಕರ ಪಕ್ಷ ವಹಿಸಿದರೆಂದೂ, ಅಪೊಲೊ ಮತ್ತು ಅಫ್ರೊಡೈಟಿಯರು ಟ್ರಾಯ್ ನಗರದವರ ಕಡೆ ನಿಂತರೆಂದೂ ಹೇಳುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಹಿಂಗೆ ಪಾರ್ಟಿ ಕಟ್ಕೊಂಡು ಜಗಳ ಆಡೋರು ದೇವ್ರು ಹೆಂಗಾದರು ಸಾ? ನಮ್ಮ ಮಾದಪ್ಪ ಹಿಂಗಲ್ಲ” ಎಂದನು.

ಪ್ರಶ್ನೆ ಚೆನ್ನಾಗಿದೆಯೆಂದು ಮೆಚ್ಚಿ, “ಹಾಗಾದರೆ ಮಾದಪ್ಪನ ಕಥೆಯನ್ನು ನೀನೇ ಹೇಳಪ್ಪ” ಎಂದೆ. ಹುಡುಗ ಸುಮ್ಮನಾದ. ಪ್ರತಿ ಶಿವರಾತ್ರಿಗೂ ಅವನ ತಂದೆ ಕಾಲುನಡಿಗೆಯಲ್ಲಿ ಬೆಟ್ಟಕ್ಕೆ ಹೋಗುವವರು. “ಜಾತ್ರೆ ಗೊತ್ತು, ಕತೆ ಗೊತ್ತಿಲ್ಲ ಸಾ” ಎಂದ. ಹನೂರಿನಿಂದ ತಾಳಬೆಟ್ಟಕ್ಕೆ ಹೋಗುವ ಹಾದಿಯಲ್ಲೇ ನಮ್ಮ ಕೌದಳ್ಳಿ ಇದೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಸಹಸ್ರಾರು ಜನ ‘ಉಘೇ’ ಎನ್ನುತ್ತ ಈ ಊರಿನ ನಡುವೆಯೇ ಸಾಗುತ್ತಾರೆ. ಆ ದಾರಿಯ ಪಕ್ಕದ ಶಾಲೆಯಲ್ಲಿ ಅಕಿಲೀಸನ ಹಿಮ್ಮಡಿಯ ಕಥೆ ಬಲ್ಲ ಮಕ್ಕಳಿಗೆ ಶ್ರವಣದೊರೆಯ ಕಥೆ ತಿಳಿಯದು. ಈ ಲೋಪಕ್ಕೆ ಕಾರಣರು ಮಕ್ಕಳಲ್ಲವೆಂಬುದೂ ನಮ್ಮಂಥ ಪಂಡಿತರೆಂಬುದೂ ನನ್ನ ಅಭಿಪ್ರಾಯ.

ಹುಡುಗನ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಶ್ರವಣಾಸುರನು ದೇವತೆಗಳನ್ನು ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಳ್ಳುತ್ತಿದ್ದನೆಂದು ಕಂಸಾಳೆಯವರು ಹಾಡುತ್ತಾರೆ. ಹೋಮರನ ಇಲಿಯಡ್ ಕಾವ್ಯದಲ್ಲಿಯೂ ಯುದ್ಧದೇವತೆಯಾದ ಏರೀಸನನ್ನು ಇಬ್ಬರು ದೈತ್ಯ ಸಹೋದರರು ಹದಿಮೂರು ತಿಂಗಳ ಕಾಲ ಕಂಚಿನ ಹಂಡೆಯೊಳಗೆ ಕೂಡಿಹಾಕಿದ್ದ ಕಥೆಯುಂಟು. ದೇವರಿಗೂ ಸಂಕಟ ತಪ್ಪಿದ್ದಲ್ಲವೆಂಬ ಭಾವನೆ ಎರಡು ಕಡೆಯೂ ಇದೆ. ಇನ್ನು ಮಾದಪ್ಪ ಶ್ರವಣನನ್ನು ಗೆದ್ದದ್ದು ಯುದ್ಧದಿಂದಲ್ಲ, ಉಪಾಯದಿಂದ. ಹರಳಯ್ಯನಿಂದ ಪಾದರಕ್ಷೆಗಳನ್ನು ಮಾಡಿಸಿ, ಅವನ್ನು ಮೆಟ್ಟಿದ ಅಸುರನು ಉರಿದುಹೋಗುವಂತೆ ಮಾಡುತ್ತಾನೆ. ಗಾಯಕರಿಂದ ಗಾಯಕರಿಗೆ ವಿವರಗಳು ಬೇರೆಯಾಗುವುದುಂಟು. ಗ್ರೀಕರ ಮಹಾವೀರ ಹೆರಾಕ್ಲೀಸನೂ ವಿಷ ಲೇಪಿಸಿದ ಅಂಗಿಯನ್ನು ತೊಟ್ಟು ಉರಿ ತಾಳಲಾರದೆ ಚಿತೆಯೇರಿದನು. ಅಲ್ಲಿ ಉರಿದವನು ನಾಯಕ, ಇಲ್ಲಿ ಪ್ರತಿನಾಯಕ.

ನನಗೆ ಇದಕ್ಕಿಂತ ಮುಖ್ಯವಾಗಿ ತೋರುವುದು ಹರಳಯ್ಯನ ಸ್ಥಾನ. ಅಕಿಲೀಸನಿಗೆ ಗುರಾಣಿಯನ್ನು ಮಾಡಿಕೊಟ್ಟವನು ಹೆಫೆಸ್ಟಸ್ ಎಂಬ ಕಮ್ಮಾರ ದೇವತೆ. ಅವನು ಕುಂಟ. ಅವನು ಪಾನಪಾತ್ರೆ ಹಿಡಿದು ಓಡಾಡುವುದನ್ನು ಕಂಡು ಉಳಿದ ದೇವತೆಗಳು ಗಹಗಹಿಸಿ ನಗುತ್ತಾರೆ. ನಮ್ಮ ಕಾವ್ಯದಲ್ಲಿ ಚರ್ಮದ ಕೆಲಸದ ಹರಳಯ್ಯನನ್ನು ಕಂಡು ಯಾರೂ ನಗುವುದಿಲ್ಲ. ದೇವತೆಗಳ ಸೆರೆ ಬಿಡುವುದೇ ಅವನ ಕಸುಬಿನಿಂದ. ಕಾಯಕವನ್ನು ಕುರಿತು ಭಾಷಣ ಮಾಡುವ ನಾವು ಈ ನಿದರ್ಶನವನ್ನು ಏಕೆ ಮರೆತೆವೋ ತಿಳಿಯದು. ಮಾದಪ್ಪನಾದರೂ ಮಠದಲ್ಲಿ ರಾಗಿ ಬೀಸಿದವನೆಂದು ಕಾವ್ಯವೇ ಹೇಳುತ್ತದೆ. ಆದ್ದರಿಂದ ಅವನನ್ನು ಒಲಿಂಪಸ್ ಪರ್ವತದ ಸ್ಯೂಸನೊಡನೆ ಹೋಲಿಸುವುದು ಸರಿಯಲ್ಲ. ಹುಟ್ಟಿ, ದುಡಿದು, ಕಷ್ಟಗಳನ್ನು ಗೆದ್ದು ದೈವತ್ವಕ್ಕೇರಿದ ಹೆರಾಕ್ಲೀಸನೇ ಅವನಿಗೆ ಸಮೀಪದವನು.

ಭಿಕ್ಷುಕ ವೇಷದ ವಿಚಾರವನ್ನು ನೋಡೋಣ. ಒಡಿಸ್ಸಿ ಕಾವ್ಯದಲ್ಲಿ ಒಡಿಸ್ಯೂಸನು ಭಿಕ್ಷುಕನ ವೇಷದಲ್ಲಿ ತನ್ನ ಮನೆಗೇ ಬಂದಾಗ, ಪೆನಿಲೋಪಿಯನ್ನು ವರಿಸಬಂದಿದ್ದ ಗರ್ವಿಗಳಲ್ಲೊಬ್ಬ ಕಾಲ್ಮಣೆಯನ್ನು ಎಸೆದು ಹೊಡೆಯುತ್ತಾನೆ. ದೇವತೆಗಳು ಪರದೇಶಿಗಳ ರೂಪದಲ್ಲಿ ಊರೂರು ತಿರುಗಿ ಜನರ ನಡತೆಯನ್ನು ಪರೀಕ್ಷಿಸುತ್ತಾರೆ, ಎಚ್ಚರವಿರಲಿ ಎಂದು ಅವನ ಸಂಗಡಿಗರೇ ಅವನನ್ನು ಗದರಿಸುತ್ತಾರೆ. ಬೇವಿನಹಟ್ಟಿ ಕಾಳಮ್ಮನ ಬಾಗಿಲಿಗೆ ಜಂಗಮನಾಗಿ ಬಂದ ಮಾದಪ್ಪನ ಕಥೆ ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಿರಿಯ ಮದದಲ್ಲಿ ಆಕೆ ಭಿಕ್ಷೆಯಿಲ್ಲವೆಂದಳು, ಸಿರಿಯನ್ನು ಕಳೆದುಕೊಂಡಳು.

ಸೋಲಿಗರ ಸಂಕಮ್ಮನ ಸಾಲಂತೂ ಯಾವ ಮಹಾಕಾವ್ಯದ ಸ್ತ್ರೀಪಾತ್ರದ ಪಕ್ಕದಲ್ಲಾದರೂ ನಿಲ್ಲಬಲ್ಲದು. ಕಾಡಿಗೆ ಹೊರಟ ಗಂಡ ನೀಲೇಗೌಡ ಶೀಲದ ಬಗ್ಗೆ ಭಾಷೆ ಕೊಡೆಂದು ಕೇಳುತ್ತಾನೆ. ಆಕೆ ಕೊಡುವುದಿಲ್ಲ. ತಪ್ಪಿರುವುದರಿಂದಲ್ಲ, ಭಾಷೆ ಕೇಳುವುದೇ ಅವಮಾನವೆಂಬುದರಿಂದ. ಅದಕ್ಕಾಗಿ ಆಕೆ ಪಡುವ ಚಿತ್ರಹಿಂಸೆಯನ್ನು ಹಾಡುವಾಗ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಇಪ್ಪತ್ತು ವರ್ಷ ಗಂಡನಿಗಾಗಿ ಕಾದ ಪೆನಿಲೋಪಿಯ ಬಗ್ಗೆ ನನಗೆ ಗೌರವವುಂಟು. ಆದರೂ ಸಂಕಮ್ಮನ ಆ ನಿರಾಕರಣೆಗೆ ಸಮನಾದುದನ್ನು ನಾನು ಹೋಮರನಲ್ಲಿ ಕಾಣೆ. ಮಾದಪ್ಪ ನಿಂತದ್ದು ಗಂಡನ ಪಕ್ಷದಲ್ಲಿ ಅಲ್ಲ, ಆಕೆಯ ಪಕ್ಷದಲ್ಲಿ. ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳನ್ನು ಕರುಣಿಸಿದವನು ಆತನೇ. ದೇವರು ಪಕ್ಷ ವಹಿಸುವುದುಂಟಪ್ಪ, ಯಾರ ಪಕ್ಷವೆಂಬುದನ್ನು ನೋಡಬೇಕು ಎಂದು ಆ ಹುಡುಗನಿಗೆ ಮರುದಿನ ಹೇಳಿದೆ.

ಪದ್ಯದ ಲಕ್ಷಣ ಕೆಡುವ ಗ್ರಾಮ್ಯವನ್ನು ಹೋಮರನ ಸಮಕ್ಕೆ ತರಬಹುದೇ ಎಂದು ವಿದ್ವಾಂಸರು ಕೇಳಿಯಾರು. ನಾನೂ ಒಂದು ಕಾಲದಲ್ಲಿ ಹಾಗೆಯೇ ಕೇಳಿದವನು. ವಿದ್ವತ್ ವ್ಯಾಸಂಗ ಮುಗಿಸಿ ಬೇರೊಂದು ಊರಿನ ಶಾಲೆಗೆ ಸೇರಿದ ಹೊಸತು. ದಂಡಿಯ ಮಹಾಕಾವ್ಯ ಲಕ್ಷಣವೂ ಅಷ್ಟಾದಶ ವರ್ಣನೆಗಳೂ ನಾಲಿಗೆಯ ತುದಿಯಲ್ಲಿದ್ದವು. ದೇವರಗುಡ್ಡರೊಬ್ಬರ ಮಗ ತರಗತಿಯಲ್ಲಿ ತಂದೆಯಿಂದ ಕಲಿತ ಸಾಲೊಂದನ್ನು ರಾಗವಾಗಿ ಹೇಳಿದಾಗ, ಅದರಲ್ಲಿ ಹಳಿ ತಪ್ಪಿದ ವಿಭಕ್ತಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಎಲ್ಲರೆದುರು ತಿದ್ದಿದೆ. ಮಕ್ಕಳು ನಕ್ಕರು. ಆ ಬಾಲಕ ಮತ್ತೆ ಹಾಡಲಿಲ್ಲ. ಅವನ ತಂದೆ ಈಗಿಲ್ಲ. ಆತ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮನೆಯ ಕಂಸಾಳೆ ಗೂಟದಲ್ಲಿ ನೇತಾಡುತ್ತಿದೆಯೆಂದು ಕೇಳಿದ್ದೇನೆ.

ನಾನು ತಿದ್ದಬೇಕಾಗಿದ್ದುದು ನನ್ನ ತಿಳಿವಳಿಕೆಯನ್ನು. ಹೋಮರನ ಕಾವ್ಯಗಳು ಮೊದಲು ಹಾಡಿನ ಸಂಪ್ರದಾಯದಲ್ಲಿ ಬೆಳೆದವೆಂಬುದನ್ನು ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ೧೯೩೩ರಿಂದ ೧೯೩೫ರವರೆಗೆ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಅವರು ಗಾಯಕರ ಹಾಡುಗಳನ್ನು ಮುದ್ರಿಸಿಕೊಂಡರು. ಅಕ್ಷರ ಬಾರದ ಅವ್ದೊ ಮೆಜೆದೊವಿಚ್ ಎಂಬ ಗಾಯಕ ಹನ್ನೆರಡು ಸಾವಿರ ಸಾಲಿಗೂ ಮಿಕ್ಕ ಒಂದೇ ಕಾವ್ಯವನ್ನು ಹಾಡಿದ. ಶಿಷ್ಯ ಆಲ್ಬರ್ಟ್ ಲಾರ್ಡ್ ೧೯೬೦ರಲ್ಲಿ ಈ ವಿಚಾರವನ್ನು ಗ್ರಂಥರೂಪಕ್ಕೆ ತಂದರು. ಹೋಮರನಲ್ಲಿ ಮತ್ತೆ ಮತ್ತೆ ಬರುವ ವಿಶೇಷಣಗಳು ಹಾಡುವವನ ಉಸಿರಿಗೆ ಆಸರೆ. ನಮ್ಮ ಗುಡ್ಡರು ಮಾದಪ್ಪನನ್ನು ಮಾಯಕಾರನೆಂದೂ ಏಳುಮಲೆಯ ಒಡೆಯನೆಂದೂ ಹೊತ್ತುಹೊತ್ತಿಗೆ ಕರೆಯುವುದೂ ಅದಕ್ಕೇ. ಅಷ್ಟು ದೂರ ಹೋಗುವುದೂ ಬೇಡ. ಓದು ಬಾರದವರಲ್ಲೂ ಕವಿತಾಶಕ್ತಿಯುಂಟೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಒಪ್ಪಿದೆ. ಅದನ್ನು ಪಾಠ ಹೇಳುತ್ತಲೇ ನಾನು ಆ ಬಾಲಕನನ್ನು ತಿದ್ದಿದ್ದು.

ಕಾವ್ಯ ಅಚ್ಚಿಗೆ ಬಂದಿಲ್ಲವೆಂದೇನೂ ಅಲ್ಲ. ೧೯೭೩ರಲ್ಲಿಯೇ ಡಾ. ಪಿ. ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ ಹೊರಬಂದಿತು. ಹೆಬ್ಬಣಿ ಮಾದಯ್ಯನವರು ಮತ್ತು ಸಂಗಡಿಗರು ಹಾಡಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಅದು ಇಂಗ್ಲಿಷಿಗೂ ಹೋಯಿತು. ಪುಸ್ತಕವುಂಟು, ಹಾಡುವ ಗಂಟಲು ಕಡಿಮೆಯಾಗುತ್ತಿದೆ. ಸಮಾರಂಭಗಳಲ್ಲಿ ಕಂಸಾಳೆಯವರಿಗೆ ಹತ್ತು ನಿಮಿಷ ಕೊಟ್ಟು, ತಾಳ ಹಾಕಿ ಕುಣಿಯಿರೆಂದು ಹೇಳಿ, ಮುಂದಿನ ಕಾರ್ಯಕ್ರಮಕ್ಕೆ ಹೋಗುವುದು ನಮ್ಮ ರೂಢಿ. ಕುಣಿತ ಉಳಿದು ಕಥೆ ಹೋಗುವುದು ಹೀಗೆಯೇ.

ಆದುದರಿಂದ ಆಡಳಿತ ಮಂಡಳಿಯವರಲ್ಲಿಯೂ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿಜ್ಞಾಪನೆ ಇದು: ಮುಂದಿನ ವಾರ್ಷಿಕೋತ್ಸವದಲ್ಲಿ ಒಂದು ಇಡೀ ರಾತ್ರಿಯನ್ನು ಈ ಕಾವ್ಯಕ್ಕೆ ಮೀಸಲಿಡಬೇಕು. ಸಂಕಮ್ಮನ ಸಾಲನ್ನು ಆರಂಭದಿಂದ ಕೊನೆಯವರೆಗೆ ಹಾಡಿಸಿ, ಧ್ವನಿ ಮುದ್ರಿಸಿ, ಗ್ರಂಥಾಲಯದಲ್ಲಿ ಇಡಬೇಕು. ಹಾಡು ಕಲಿಯಲು ಇಚ್ಛಿಸುವ ಇಬ್ಬರು ಮಕ್ಕಳಿಗಾದರೂ ವಿದ್ಯಾರ್ಥಿವೇತನ ಏರ್ಪಡಬೇಕು. ಈ ನಿಧಿಗೆ ನನ್ನ ಒಂದು ತಿಂಗಳ ವೇತನವನ್ನು ಮೊದಲ ಕಾಣಿಕೆಯಾಗಿ ಸಲ್ಲಿಸುತ್ತೇನೆ. ಹಾಡುವವರಿಗೆ ಶಾಲು ಹೊದಿಸಿ ಕಳುಹಿಸುವುದು ಸಾಲದು. ಸಂಭಾವನೆಯನ್ನು ಬೆಳಗಿನ ಜಾವ ಹಾಡು ಮುಗಿದೊಡನೆ ಅವರ ಕೈಗೇ ಕೊಡತಕ್ಕದ್ದು.