ಗಣಕಕ್ಕೂ ಬುತ್ತಿ ಕಟ್ಟೋಣ

ಔರಾದದಿಂದ ಬೀದರಕ್ಕೆ ಪರೀಕ್ಷೆಗೆ ಹೊರಟ ಮಗನಿಗೆ ತಾಯಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತಾಳೆ, ಅಡುಗೆಮನೆಯನ್ನೇ ಹೊರಿಸುವುದಿಲ್ಲ. ಅಂಗೈಯಗಲದ ಗಣಕಕ್ಕೂ ಇದೇ ನ್ಯಾಯ.

2012ರಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ಕಲಿಕೆಗೆಂದು ಬಂದ ‘ರಾಸ್ಪ್‌ಬೆರಿ ಪೈ’ ಒಂದೇ ಹಲಗೆಯ ಗಣಕ. ಅದರ ಕಾರ್ಯವ್ಯವಸ್ಥೆಯಾದ ಲಿನಕ್ಸ್ ಸಾಮಾನ್ಯವಾಗಿ ಒಂದು ಮೆಮೊರಿ ಕಾರ್ಡಿನಲ್ಲಿರುತ್ತದೆ. ಆ ಕಾರ್ಡಿನ ಯಥಾಪ್ರತಿಯೇ ‘ಇಮೇಜ್’. ಲಿನಕ್ಸ್ ಮುಕ್ತ ತಂತ್ರಾಂಶ. ಬೇಡವಾದದ್ದನ್ನು ಬಿಟ್ಟು, ಬೇಕಾದದ್ದನ್ನು ಸೇರಿಸಿ ನಮ್ಮದೇ ಇಮೇಜ್ ಕಟ್ಟಬಹುದು. ಅದಕ್ಕೆ ‘ಪೈ-ಜೆನ್’, ‘ಬಿಲ್ಡ್‌ರೂಟ್’ ಎಂಬ ಉಚಿತ ಸಲಕರಣೆಗಳಿವೆ. 2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ‘ಸಿಂಪ್ಯೂಟರ್’ ಎಂಬ ಕೈಗಣಕವೂ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು.

ಭಾಲ್ಕಿಯ ಶಾಲೆಯೊಂದರ ಹವಾಮಾನ ಪ್ರಯೋಗಕ್ಕೆ ಏನು ಬೇಕು? ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳು, ಪೈಥಾನ್ ಭಾಷೆ, ಉಷ್ಣತೆ ದಾಖಲಿಸುವ ಪುಟ್ಟ ಪ್ರೋಗ್ರಾಂ. ಇಷ್ಟೇ ಬುತ್ತಿ. ಕಾರ್ಡಿನಲ್ಲಿ ಬರೆಯುವಾಗಲೇ ಕರೆಂಟ್ ಹೋದರೆ ಕಡತಗಳು ಕೆಡಬಹುದು. ಆದ್ದರಿಂದ ವ್ಯವಸ್ಥೆಯ ಭಾಗವನ್ನು ‘ಓದಲು ಮಾತ್ರ’ ಎಂದಿಟ್ಟು, ದಾಖಲೆಯನ್ನು ಪೆನ್ ಡ್ರೈವಿನಲ್ಲಿ ಬರೆಸುವುದು ಜಾಣತನ. ಒಮ್ಮೆ ಕಟ್ಟಿದ ಇಮೇಜನ್ನು ಇಂಟರ್‌ನೆಟ್ ಇಲ್ಲದೆಯೇ ಹತ್ತು ಕಾರ್ಡಿಗೆ ಇಳಿಸಬಹುದು.

ಪಾಲಕರೇ, ‘ಮುಟ್ಟಬೇಡ, ಕೆಟ್ಟೀತು’ ಎಂದು ಮಕ್ಕಳನ್ನು ಗಣಕದಿಂದ ದೂರವಿಡಬೇಡಿ. ಇಲ್ಲಿ ತಪ್ಪು ಆದೇಶದಿಂದ ಕೆಡುವುದು ಸಾಮಾನ್ಯವಾಗಿ ಕಾರ್ಡಿನ ಬರಹ, ಯಂತ್ರವಲ್ಲ. ಇಮೇಜನ್ನು ಮತ್ತೆ ಇಳಿಸಿದರಾಯಿತು.

ವಿದ್ಯಾರ್ಥಿಗಳೇ, ಮೊದಲು ಸಿದ್ಧ ‘ಲೈಟ್’ ಇಮೇಜನ್ನು ಕಾರ್ಡಿಗೆ ಇಳಿಸಿರಿ. ಬಳಿಕ ಒಂದೊಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ವಹಿಯಲ್ಲಿ ಬರೆದಿಡಿರಿ. ಎಲ್ಲಿ ತಪ್ಪಿತೆಂದು ಆ ವಹಿಯೇ ಹೇಳುತ್ತದೆ.