ರಂಜಕದ ಮೂಲ ಅಪಟೈಟ್: ವರ್ತಕರು ಅರಿಯಬೇಕಾದ ಲೆಕ್ಕ

ಪ್ರತಿವರ್ಷ ಮುಂಗಾರಿನ ಮೊದಲ ಹದ ಮಳೆ ಬಿದ್ದೊಡನೆ ಗೊಬ್ಬರದ ಅಂಗಡಿಗಳ ಮುಂದೆ ಕೇಳಿಬರುವ ಪ್ರಶ್ನೆ ಒಂದೇ: ‘ಡಿಎಪಿ ಬಂದಿದೆಯೇ?’ ಬಂದಿದ್ದರೆ ಒಂದೆರಡು ದಿನಗಳಲ್ಲಿ ದಾಸ್ತಾನು ಖಾಲಿಯಾಗುತ್ತದೆ. ಬಾರದಿದ್ದರೆ ರೈತರ ಕೋಪಕ್ಕೆ ಗುರಿಯಾಗುವವನು ವರ್ತಕ. 2024ರ ಹಿಂಗಾರು ಹಂಗಾಮಿನಲ್ಲಿ ದೇಶದ ಅನೇಕ ರಾಜ್ಯಗಳಲ್ಲಿ ಈ ದೃಶ್ಯವನ್ನು ಕಂಡೆವು. 2025ರಲ್ಲಿಯೂ ಅಭಾವ ಮರುಕಳಿಸಿತು. ಇಂತಹ ಸಂದರ್ಭಗಳಲ್ಲಿ ರೈಲ್ವೆ ರೇಕಿನ ವಿಳಂಬವನ್ನೋ, ಬಂದರಿನ ದಟ್ಟಣೆಯನ್ನೋ, ಸರ್ಕಾರದ ಸಹಾಯಧನ ನೀತಿಯನ್ನೋ ದೂರುವುದು ನಮ್ಮ ವಾಡಿಕೆ. ಆ ದೂರುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮೂರು ದಶಕಗಳಿಂದ ಈ ವ್ಯಾಪಾರದಲ್ಲಿರುವ ನನ್ನ ಅನಿಸಿಕೆಯೆಂದರೆ, ನಾವು ಮಾರುವ ಸರಕು ಯಾವ ಕಲ್ಲಿನಿಂದ ಹುಟ್ಟುತ್ತದೆ ಎಂಬುದನ್ನೇ ನಾವು ಸರಿಯಾಗಿ ಅರಿತುಕೊಂಡಿಲ್ಲ. ಆ ಕಲ್ಲಿನ ಹೆಸರು ಅಪಟೈಟ್. ಅದನ್ನು ಅರಿತರೆ ಡಿಎಪಿಯೊಂದನ್ನೇ ನೆಚ್ಚಿ ವ್ಯಾಪಾರ ಮಾಡುವುದು ಎಷ್ಟು ಅಪಾಯಕಾರಿ ಎಂಬುದು ತಾನಾಗಿಯೇ ಮನವರಿಕೆಯಾಗುತ್ತದೆ.

ಬದಲಿಯಿಲ್ಲದ ಖನಿಜ

ಬೆಳೆಗೆ ಬೇಕಾದ ಸಾರಜನಕವನ್ನು ಗಾಳಿಯಿಂದ ಹಿಡಿದು ಯೂರಿಯಾ ತಯಾರಿಸಬಹುದು. ರಂಜಕದ ವಿಷಯದಲ್ಲಿ ಆ ಸೌಲಭ್ಯವಿಲ್ಲ. ಅದನ್ನು ಗಾಳಿಯಿಂದ ಪಡೆಯಲಾಗದು, ಕಾರ್ಖಾನೆಯಲ್ಲಿ ಸೃಷ್ಟಿಸಲೂ ಆಗದು. ಸಸ್ಯಕ್ಕಾಗಲಿ ಪ್ರಾಣಿಗಾಗಲಿ ಅದರ ಸ್ಥಾನವನ್ನು ತುಂಬಬಲ್ಲ ಬೇರೊಂದು ಮೂಲವಸ್ತುವಿಲ್ಲ. ಭೂಮಿಯ ಮೇಲ್ಪದರದಲ್ಲಿರುವ ರಂಜಕದ ಬಹುಪಾಲು ಅಪಟೈಟ್ ವರ್ಗದ ಖನಿಜಗಳಲ್ಲಿಯೇ ಅಡಗಿದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನೊಡನೆ ಫ್ಲೋರಿನ್, ಕ್ಲೋರಿನ್ ಅಥವಾ ಹೈಡ್ರಾಕ್ಸಿಲ್ ಸೇರಿ ಈ ಖನಿಜಗಳಾಗಿವೆ. ನಮ್ಮ ಹಲ್ಲು ಮೂಳೆಗಳ ಗಟ್ಟಿ ಭಾಗವೂ ಇದೇ ವರ್ಗಕ್ಕೆ ಸೇರಿದ್ದು. ಶುದ್ಧ ಫ್ಲೋರ್‌ಅಪಟೈಟಿನಲ್ಲಿ ಸುಮಾರು ಶೇ. 42ರಷ್ಟು ಫಾಸ್ಫರಸ್ ಪೆಂಟಾಕ್ಸೈಡ್ ಇರುತ್ತದೆ. ಗೊಬ್ಬರದ ಚೀಲದ ಮೇಲೆ ರಂಜಕದ ಅಂಶವೆಂದು ಅಚ್ಚಾಗುವುದು ಈ ಪೆಂಟಾಕ್ಸೈಡಿನ ಲೆಕ್ಕವೇ ಆಗಿದೆ.

ಈ ಖನಿಜವು ಎರಡು ಬಗೆಯ ನಿಕ್ಷೇಪಗಳಲ್ಲಿ ದೊರೆಯುತ್ತದೆ. ರಷ್ಯಾದ ಕೋಲಾ ಪರ್ಯಾಯ ದ್ವೀಪ, ದಕ್ಷಿಣ ಆಫ್ರಿಕದ ಫಲಬೋರ್ವಾ, ಶ್ರೀಲಂಕೆಯ ಎಪ್ಪಾವಳ ಮುಂತಾದೆಡೆ ಅದು ಅಗ್ನಿಶಿಲೆಗಳೊಡನೆ ಹರಳಾಗಿ ನಿಂತಿದೆ. ಮೊರಾಕೊ, ಅಮೆರಿಕದ ಫ್ಲಾರಿಡಾ ಮುಂತಾದೆಡೆ ಪುರಾತನ ಕಡಲ ತಳದಲ್ಲಿ ಪದರ ಪದರವಾಗಿ ಸಂಚಯಗೊಂಡಿದೆ. ಜಗತ್ತಿನ ಒಟ್ಟು ನಿಕ್ಷೇಪದಲ್ಲಿ ಸುಮಾರು ಶೇ. 70ರಷ್ಟು ಮೊರಾಕೊ ಹಾಗೂ ಅದರ ಹಿಡಿತದಲ್ಲಿರುವ ಪಶ್ಚಿಮ ಸಹಾರಾದಲ್ಲಿದೆ. ಕಚ್ಚಾ ತೈಲದ ನಿಕ್ಷೇಪಗಳೂ ಒಂದೇ ದೇಶದ ಕೈಯಲ್ಲಿ ಇಷ್ಟೊಂದು ಕೇಂದ್ರೀಕೃತವಾಗಿಲ್ಲ.

ನಮ್ಮ ದೇಶದ ಸ್ಥಿತಿ ಹೇಗಿದೆ? ರಾಜಸ್ಥಾನದ ಉದಯಪುರದ ಬಳಿ ಝಾಮರ್‌ಕೋಟ್ರಾದಲ್ಲಿ 1968ರಲ್ಲಿ ಪತ್ತೆಯಾದ ನಿಕ್ಷೇಪವೇ ನಮ್ಮಲ್ಲಿ ಪ್ರಮುಖವಾದದ್ದು. ಮಧ್ಯಪ್ರದೇಶದ ಝಾಬುವಾ, ಸಾಗರ್ ಮತ್ತು ಛತ್ತರ್‌ಪುರ ಭಾಗಗಳಲ್ಲಿ ಶಿಲಾ ರಂಜಕವೂ, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಅಪಟೈಟೂ ಇವೆ. ಕರ್ನಾಟಕದಲ್ಲಿ ವಾಣಿಜ್ಯ ಪ್ರಮಾಣದ ಗಣಿಯಿಲ್ಲ. ಒಟ್ಟಾರೆಯಾಗಿ ದೇಶಕ್ಕೆ ಬೇಕಾದ ರಂಜಕದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕಲ್ಲಿನ ರೂಪದಲ್ಲಿಯೋ, ಆಮ್ಲದ ರೂಪದಲ್ಲಿಯೋ, ಸಿದ್ಧ ಗೊಬ್ಬರದ ರೂಪದಲ್ಲಿಯೋ ಹಡಗಿನಲ್ಲೇ ಬರಬೇಕಾಗಿದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಲಿಥಿಯಂ, ಕೋಬಾಲ್ಟ್‌ಗಳ ಜೊತೆಗೆ ರಂಜಕವೂ ಸ್ಥಾನ ಪಡೆದದ್ದು ಆಕಸ್ಮಿಕವಲ್ಲ.

ಈ ಪರಾವಲಂಬನೆಯ ಬೆಲೆಯನ್ನು ನಾವು ಎರಡು ಬಾರಿ ಕಣ್ಣಾರೆ ಕಂಡಿದ್ದೇವೆ. 2007ರ ಆರಂಭದಲ್ಲಿ ಟನ್ನಿಗೆ 50 ಡಾಲರಿಗಿಂತ ಕಡಿಮೆಯಿದ್ದ ಮೊರಾಕೊದ ಶಿಲಾ ರಂಜಕದ ಬೆಲೆ 2008ರ ಆಗಸ್ಟ್ ವೇಳೆಗೆ 400 ಡಾಲರನ್ನು ಮೀರಿತು. ಮರುವರ್ಷ ಅಷ್ಟೇ ವೇಗವಾಗಿ ಕುಸಿಯಿತು. ಏರಿದಾಗ ಖರೀದಿಸಿ ಇಳಿದಾಗ ಮಾರಬೇಕಾದವರು ಕೈಸುಟ್ಟುಕೊಂಡರು. 2021ರ ಮೇ ತಿಂಗಳಲ್ಲಿ ಡಿಎಪಿ ಚೀಲದ ಮೇಲಿನ ಸಹಾಯಧನವನ್ನು ಸರ್ಕಾರ 500 ರೂಪಾಯಿಗಳಿಂದ ಒಮ್ಮೆಲೇ 1200 ರೂಪಾಯಿಗಳಿಗೆ ಏರಿಸಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಚೀನಾ ತನ್ನ ಫಾಸ್ಫೇಟ್ ರಫ್ತಿನ ಮೇಲೆ ಬಿಗಿ ಕ್ರಮ ಕೈಗೊಂಡಿತು. ಇವುಗಳಲ್ಲಿ ಒಂದೂ ನಮ್ಮ ಊರಿನ ಮಾರುಕಟ್ಟೆಯಲ್ಲಿ ತೀರ್ಮಾನವಾದದ್ದಲ್ಲ. ಪರಿಣಾಮ ಮಾತ್ರ ನಮ್ಮ ಗೋದಾಮಿನವರೆಗೆ ಬಂದು ಮುಟ್ಟಿತು.

ಹೆಸರಿನಲ್ಲೇ ಇರುವ ಎಚ್ಚರಿಕೆ

ಅಪಟೈಟ್ ಎಂಬ ಹೆಸರನ್ನಿಟ್ಟವರು ಜರ್ಮನಿಯ ಖನಿಜ ವಿಜ್ಞಾನಿ ವರ್ನರ್, 1786ರಲ್ಲಿ. ‘ವಂಚಿಸು’ ಎಂಬರ್ಥದ ಗ್ರೀಕ್ ಪದದಿಂದ ಅದು ಬಂದಿದೆ. ಬೇರೆ ಬೇರೆ ಬಣ್ಣಗಳಲ್ಲಿ ದೊರೆಯುವ ಈ ಖನಿಜವನ್ನು ಜನರು ಇತರ ಹರಳುಗಳೆಂದು ಭ್ರಮಿಸುತ್ತಿದ್ದರಂತೆ. ಗೊಬ್ಬರದ ವ್ಯಾಪಾರದಲ್ಲಿ ಅದರ ವಂಚನೆ ಇನ್ನೊಂದು ರೀತಿಯದು. ಚೀಲದಲ್ಲಿರುವ ಒಟ್ಟು ರಂಜಕವೇ ಬೇರೆ, ಬೇರಿಗೆ ದಕ್ಕುವ ರಂಜಕವೇ ಬೇರೆ.

ಅಪಟೈಟ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಹುಳಿ ಮಣ್ಣಿನ ಆಮ್ಲ ಅದನ್ನು ನಿಧಾನವಾಗಿ ಕರಗಿಸುತ್ತದೆ. ಆದುದರಿಂದ ಮಲೆನಾಡು ಮತ್ತು ಕರಾವಳಿಯ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಶಿಲಾ ರಂಜಕದ ಪುಡಿಯನ್ನು ನೇರವಾಗಿ ಬಳಸುವುದು ಯುಕ್ತ. ವಿಜಯಪುರ, ಗದಗ, ಕಲಬುರಗಿ ಭಾಗದ ಕ್ಷಾರಗುಣದ ಕಪ್ಪು ಮಣ್ಣಿನಲ್ಲಿ ಅದೇ ಪುಡಿಯನ್ನು ಹಾಕಿದರೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಅಗ್ಗವೆಂಬ ಕಾರಣಕ್ಕೆ ಬಯಲುಸೀಮೆಯ ರೈತನಿಗೆ ಅದನ್ನು ಮಾರುವುದು ಕಾನೂನಿನ ಕಣ್ಣಿಗೆ ಬೀಳದಿದ್ದರೂ ವ್ಯಾಪಾರ ಧರ್ಮಕ್ಕೆ ಒಪ್ಪುವಂಥದಲ್ಲ.

ಇನ್ನೊಂದು ಅಂಶ ಪುಡಿಯ ನಯ. ಕಣ ಸಣ್ಣದಾದಷ್ಟೂ ಮಣ್ಣಿನ ಆಮ್ಲಕ್ಕೆ ಸಿಗುವ ಮೇಲ್ಮೈ ಹೆಚ್ಚು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಶಿಲಾ ರಂಜಕದ ಶೇ. 90 ಭಾಗ 0.15 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು. ಒಟ್ಟು ಪೆಂಟಾಕ್ಸೈಡ್ ಕನಿಷ್ಠ ಶೇ. 18 ಇರಬೇಕು. ಕೆಲವು ವರ್ಷಗಳ ಹಿಂದೆ ನಾನು ಹೊರರಾಜ್ಯದಿಂದ ತರಿಸಿದ ಒಂದು ಲಾರಿ ಸರಕು ಅಂಶದ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು, ಜರಡಿಯಲ್ಲಿ ಸೋತಿತು. ಅಂಶದ ವರದಿಯನ್ನು ನೋಡಿ ತೃಪ್ತನಾಗಿ, ಜರಡಿಯ ವರದಿ ಬರುವ ಮೊದಲೇ ಅರ್ಧ ಲಾರಿ ಮಾರಿಬಿಟ್ಟಿದ್ದೆ. ತೋಟಗಾರರಿಂದ ಚೀಲಗಳನ್ನು ಮರಳಿ ಪಡೆದು ಹಣ ಹಿಂದಿರುಗಿಸಿದಾಗ ಆದ ನಷ್ಟಕ್ಕಿಂತ, ಅವರ ಮುಂದೆ ತಲೆತಗ್ಗಿಸಿ ನಿಂತದ್ದೇ ಹೆಚ್ಚು ನೋವಾಯಿತು. ಅಂದಿನಿಂದ ಎರಡೂ ವರದಿ ಕೈಸೇರದೆ ಒಂದು ಚೀಲವನ್ನೂ ಹೊರಗೆ ಬಿಟ್ಟಿಲ್ಲ.

ಒಂದು ಚೀಲ, ಮೂರು ಚೀಲ

ಕರಗದ ಕಲ್ಲನ್ನು ಕರಗುವಂತೆ ಮಾಡುವ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ಪಡೆದರು. ಕಲ್ಲಿನ ಪುಡಿಗೆ ಗಂಧಕಾಮ್ಲ ಬೆರೆಸಿ, ಕೆಲವು ವಾರ ಹದಗೊಳ್ಳಲು ಬಿಡುವ ಆ ವಿಧಾನವೇ ಇಂದಿಗೂ ನಮ್ಮ ದೇಶದ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ಡಿಎಪಿಗೆ ಬೇಕಾದ ಫಾಸ್ಫಾರಿಕ್ ಆಮ್ಲವನ್ನು ತಯಾರಿಸುವಾಗ ಪ್ರತಿ ಟನ್ ಪೆಂಟಾಕ್ಸೈಡಿಗೆ ಸುಮಾರು ಐದು ಟನ್ ಜಿಪ್ಸಂ ಕಾರ್ಖಾನೆಯ ಹಿಂದೆ ಗುಡ್ಡವಾಗಿ ಬೀಳುತ್ತದೆ. ಸೂಪರ್ ಫಾಸ್ಫೇಟಿನಲ್ಲಿ ಆ ಜಿಪ್ಸಂ ಗೊಬ್ಬರದಲ್ಲಿಯೇ ಉಳಿದು ಬೆಳೆಗೆ ಗಂಧಕವನ್ನು ಒದಗಿಸುತ್ತದೆ.

ಈಗ ಲೆಕ್ಕ ನೋಡೋಣ. 50 ಕಿಲೋ ಡಿಎಪಿ ಚೀಲದಲ್ಲಿ 23 ಕಿಲೋ ಪೆಂಟಾಕ್ಸೈಡ್, 9 ಕಿಲೋ ಸಾರಜನಕ ಇರುತ್ತದೆ. ಶೇ. 16ರ ಸೂಪರ್ ಫಾಸ್ಫೇಟಿನ ಮೂರು ಚೀಲಗಳಲ್ಲಿ 24 ಕಿಲೋ ಪೆಂಟಾಕ್ಸೈಡ್, ಜೊತೆಗೆ ಸುಮಾರು 16 ಕಿಲೋ ಗಂಧಕ. ಸಾರಜನಕದ ಕೊರತೆಯನ್ನು 20 ಕಿಲೋ ಯೂರಿಯಾ ತುಂಬಿಕೊಡುತ್ತದೆ. ಎಂದರೆ ಮೂರು ಚೀಲ ಸೂಪರ್ ಮತ್ತು ಅರ್ಧ ಚೀಲಕ್ಕಿಂತ ಕಡಿಮೆ ಯೂರಿಯಾ ಸೇರಿದರೆ ಒಂದು ಚೀಲ ಡಿಎಪಿ, ಗಂಧಕ ಮೇಲುಲಾಭ. ಶೇಂಗಾ, ಸೂರ್ಯಕಾಂತಿ, ತೊಗರಿ ಬೆಳೆಯುವ ಚಿತ್ರದುರ್ಗದಿಂದ ಕಲಬುರಗಿಯವರೆಗಿನ ರೈತರಿಗೆ ಈ ಗಂಧಕ ಸಣ್ಣ ವಿಷಯವಲ್ಲ.

ಆಕ್ಷೇಪಣೆಗಳೂ ಇವೆ. ಮೂರು ಚೀಲಕ್ಕೆ ಸಾಗಣೆ, ಹಮಾಲಿ, ಗೋದಾಮಿನ ಜಾಗ ಎಲ್ಲವೂ ಹೆಚ್ಚು. ಡಿಎಪಿಯ ಮೇಲಿನ ಸಹಾಯಧನ ಹೆಚ್ಚಿರುವ ಹಂಗಾಮಿನಲ್ಲಿ ಸೂಪರ್ ಸ್ಪರ್ಧಿಸಲಾರದು. ಹದಗೊಳ್ಳುವ ಮುನ್ನವೇ ಚೀಲ ತುಂಬಿ ಕಳುಹಿಸಿದ ಕೆಲವರಿಂದಾಗಿ ಅದಕ್ಕೆ ರೈತರಲ್ಲಿ ಕೆಟ್ಟ ಹೆಸರೂ ಇದೆ. ಇವೆಲ್ಲವನ್ನೂ ಒಪ್ಪುತ್ತೇನೆ. ಡಿಎಪಿಯನ್ನು ಕೈಬಿಡಿರೆಂದು ನಾನು ಹೇಳುತ್ತಿಲ್ಲ. ಚೀಲದ ಬೆಲೆಯನ್ನಲ್ಲ, ಪ್ರತಿ ಕಿಲೋ ಪೋಷಕಾಂಶದ ಬೆಲೆಯನ್ನು ಸಾಗಣೆ ಸಮೇತ ಲೆಕ್ಕಹಾಕಿ, ಹಂಗಾಮಿಗೆ ಮೊದಲೇ ಎರಡನ್ನೂ ದಾಸ್ತಾನು ಮಾಡಿರೆಂಬುದಷ್ಟೇ ನನ್ನ ಬಿನ್ನಹ. ಒಂದೇ ಸರಕನ್ನು ನಂಬಿದವನು ಅದು ಬಾರದ ದಿನ ಬಾಗಿಲು ಮುಚ್ಚಬೇಕಾಗುತ್ತದೆ.

ಸಣ್ಣ ಉದ್ದಿಮೆಗಳಿಗೆ ಇರುವ ಅವಕಾಶ

ದೊಡ್ಡ ಬಂಡವಾಳವಿಲ್ಲದ ನಮ್ಮ ಸದಸ್ಯರಿಗೂ ಇಲ್ಲೊಂದು ದಾರಿಯಿದೆ. ನುಣ್ಣಗೆ ಅರೆದ ಶಿಲಾ ರಂಜಕವನ್ನು ಕಾಂಪೋಸ್ಟಿನೊಡನೆ ಕಳಿಸಿ ತಯಾರಿಸುವ ‘ಪ್ರೋಮ್’ ಎಂಬ ರಂಜಕಯುಕ್ತ ಸಾವಯವ ಗೊಬ್ಬರಕ್ಕೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಾನ್ಯತೆ ದೊರೆತಿದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳಿಂದ ಹೊರಬೀಳುವ ಪ್ರೆಸ್‌ಮಡ್ ಇದಕ್ಕೆ ಯೋಗ್ಯವಾದ ಕಚ್ಚಾವಸ್ತು. ಅರೆಯುವ ಗಿರಣಿ, ಜರಡಿ, ಕಾಂಪೋಸ್ಟ್ ಅಂಗಳ, ಚೀಲ ಹೊಲಿಯುವ ಯಂತ್ರ ಇವಿಷ್ಟರಿಂದ ಆರಂಭಿಸಬಹುದಾದ ಉದ್ದಿಮೆಯಿದು. ಆದರೆ ಕೃಷಿ ಇಲಾಖೆಯ ಅಧಿಕೃತ ಪತ್ರವಿಲ್ಲದೆ, ಪ್ರತಿ ಬ್ಯಾಚಿನ ಪರೀಕ್ಷೆಯಿಲ್ಲದೆ ಇಳಿದರೆ 1955ರ ಅಗತ್ಯ ವಸ್ತುಗಳ ಕಾಯಿದೆಯ ಅಡಿ ಕ್ರಮ ಎದುರಿಸಬೇಕಾದೀತು. ಸೂಪರ್ ಫಾಸ್ಫೇಟ್ ತಯಾರಕರಿಗೂ ಒಂದು ಸಮಾಧಾನವಿದೆ: ಗೊಬ್ಬರಕ್ಕೆ ಶೇ. 5, ಅದರ ಕಚ್ಚಾವಸ್ತುವಾದ ಗಂಧಕಾಮ್ಲಕ್ಕೆ ಶೇ. 18 ಎಂಬ ತಲೆಕೆಳಗಾದ ಜಿಎಸ್‌ಟಿ ದರ 2025ರ ಸೆಪ್ಟೆಂಬರಿನಲ್ಲಿ ಸರಿಹೋಗಿ, ಆಮ್ಲದ ದರವೂ ಶೇ. 5ಕ್ಕೆ ಇಳಿಯಿತು.

ನಮ್ಮ ವಾಣಿಜ್ಯ ಮಂಡಳಿಯು ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ಮೊದಲನೆಯದು, ಸದಸ್ಯರು ಒಟ್ಟಾಗಿ ಶಿಲಾ ರಂಜಕ ತರಿಸಿ, ಅಂಶ ಮತ್ತು ನಯ ಎರಡನ್ನೂ ಪರೀಕ್ಷಿಸಿ ಹಂಚಿಕೊಳ್ಳುವ ವ್ಯವಸ್ಥೆ. ಎರಡನೆಯದು, ಯಾವ ಮಣ್ಣಿಗೆ ಯಾವ ಗೊಬ್ಬರ ಎಂಬ ಬಗ್ಗೆ ಕೃಷಿ ವಿಜ್ಞಾನಿಗಳಿಂದ ಹಂಗಾಮಿಗೆ ಮೊದಲು ವರ್ತಕರಿಗೆ ಒಂದು ದಿನದ ತಿಳಿವಳಿಕೆ ಶಿಬಿರ. ಮೂರನೆಯದು, ಪರೀಕ್ಷಾ ವರದಿಗಳು ಬಿತ್ತನೆಗೆ ಮೊದಲೇ ಕೈಸೇರುವಂತೆ ಸರ್ಕಾರಕ್ಕೆ ಮನವಿ.

ಪೆಸಿಫಿಕ್ ಸಾಗರದ ಪುಟ್ಟ ನಡುಗಡ್ಡೆ ನೌರು ಇಪ್ಪತ್ತನೆಯ ಶತಮಾನದುದ್ದಕ್ಕೂ ತನ್ನ ಫಾಸ್ಫೇಟನ್ನು ಅಗೆದು ಮಾರಿ, ಒಂದು ಕಾಲಕ್ಕೆ ಜಗತ್ತಿನ ಶ್ರೀಮಂತ ನಾಡುಗಳಲ್ಲೊಂದಾಗಿತ್ತು. ಕಲ್ಲು ಬರಿದಾದಾಗ ಸಂಪತ್ತೂ ಕರಗಿತು. ಇದ್ದ ಗಣಿಯನ್ನು ಅಕ್ಷಯವೆಂದು ನಂಬಿದ್ದು ಅವರ ತಪ್ಪು. ಗಣಿಯೇ ಇಲ್ಲದ ನಾವು ಬರುವ ಹಡಗನ್ನು ಅಕ್ಷಯವೆಂದು ನಂಬುವುದು ಅದಕ್ಕಿಂತ ದೊಡ್ಡ ತಪ್ಪಾಗುತ್ತದೆ. ಮುಂದಿನ ಮುಂಗಾರಿನ ದಾಸ್ತಾನಿಗೆ ಆದೇಶ ಬರೆಯುವಾಗ ನಮ್ಮ ವರ್ತಕ ಬಾಂಧವರು ಈ ಮಾತನ್ನು ಗಮನದಲ್ಲಿಡುವರೆಂದು ನಂಬಿದ್ದೇನೆ.